ಒಂದು ಸಲ ಅವರಿಗೂ ಓದಿ ಹೇಳು

ಪುಟ್ಟಿ,

ಬೆಂಗಳೂರಿನಲ್ಲಿ ಧಾರಾವಾಹಿ ಬರೆಯುವ ತಂಡಕ್ಕೆ ಸೇರಿಕೊಂಡೆ ಅಂತ ನಿಮ್ಮಮ್ಮ ಬಂದು ಮೈಸೂರು ಪಾಕು ಕೊಟ್ಟು ಹೋದರು. ತುಂಬಾ ಸಂತೋಷವಾಯಿತು ಕಣೇ. ಸಿದ್ಧಾರ್ಥನಗರದ ನಮ್ಮ ಬೀದಿಯಲ್ಲಿ ಎಂಜಿನಿಯರುಗಳು ಮನೆಗೊಬ್ಬರಿದ್ದಾರೆ. ಬರೆದು ಬದುಕುತ್ತೇನೆ ಅಂತ ಹೊರಟವಳು ನೀನೇ ಮೊದಲು. ನಿನಗೆ ಈಗ ಕೊಟ್ಟಿರುವುದು ಟೀವಿಗೆ ಅಪರಾಧ ಕಥೆಗಳ ಸರಣಿ, ಅದಾದ ಮೇಲೆ ಒಂದು ಹಾರರ್ ಸಿನಿಮಾ, ಎರಡರ ಮೇಲೂ ‘ನೈಜ ಘಟನೆ ಆಧಾರಿತ’ ಅಂತ ಹಾಕುತ್ತಾರಂತೆ ಎಂದೂ ಹೇಳಿದರು. ಅದು ಕೇಳಿದ ಮೇಲೆ ನಿನಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು.

ನಾನು ಕಥೆ ಬರೆದವಳಲ್ಲ. ಆದರೆ ನಿಜವಾಗಿ ನಡೆದದ್ದನ್ನು ಬರೆದಿದ್ದೇನೆ. ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿ ಅಲ್ಲೇ ನಿವೃತ್ತಳಾದವಳು. ಕಟಕಟೆಯಲ್ಲಿ ನಿಂತು ಜನ ಹೇಳಿದ್ದು, ಸಾಹೇಬರು ಉಕ್ತಲೇಖನ ಕೊಟ್ಟದ್ದು, ನನ್ನ ಬೆರಳಿನ ಮೂಲಕ ಕಾಗದಕ್ಕೆ ಇಳಿದಿದೆ. ಕೊಲೆ, ವರದಕ್ಷಿಣೆ ಸಾವು, ವಿಷ, ಅಪಹರಣ, ನೀನು ಈಗ ಕಂತು ಕಂತಾಗಿ ಬರೆಯಲು ಹೊರಟಿರುವುದೆಲ್ಲ ನನಗೆ ಬೆಳಗ್ಗೆ ಹನ್ನೊಂದರಿಂದ ಸಂಜೆಯವರೆಗಿನ ಕೆಲಸವಾಗಿತ್ತು.

ಸಾಕ್ಷಿ ಹೇಳಿಕೆ ಹೇಗಿರುತ್ತದೆ ಅಂತ ನೀನು ಇನ್ನೂ ನೋಡಿರಲಿಕ್ಕಿಲ್ಲ. ಸಾಕ್ಷಿ ತನ್ನ ಭಾಷೆಯಲ್ಲಿ ಹೇಳುತ್ತಾರೆ, ನ್ಯಾಯಾಧೀಶರು ಅದನ್ನು ಕಚೇರಿ ಕನ್ನಡಕ್ಕೆ ತಂದು ಹೇಳುತ್ತಾರೆ, ನಾವು ಟೈಪು ಮಾಡುತ್ತೇವೆ. ಪಾಟೀಸವಾಲಿನಲ್ಲಿ ಎದುರು ವಕೀಲರು ಕೇಳಿದ್ದೆಲ್ಲ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಅಂತ ಸಾಲಾಗಿ ಬರುತ್ತಾ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಬರೆದದ್ದನ್ನು ಸಾಕ್ಷಿಗೆ ಓದಿ ಹೇಳಬೇಕು. ಸರಿಯಿದೆ ಅಂತ ಅವರು ಒಪ್ಪಿದ ಮೇಲೆಯೇ ಸಹಿ, ಇಲ್ಲವೇ ಹೆಬ್ಬೆಟ್ಟು. ಇದು ಕಾನೂನು. ಅವಸರದಲ್ಲಿ ಶಾಸ್ತ್ರಕ್ಕೆ ಓದಿ ಮುಗಿಸುವುದೂ ಉಂಟು. ಆದರೂ ಆ ಪದ್ಧತಿಯ ಬೆಲೆ ಏನು ಅನ್ನುವುದನ್ನು ನಾನು ಒಂದು ದಿನ ಕಣ್ಣಾರೆ ಕಂಡೆ.

ಟಿ. ನರಸೀಪುರದ ಕಡೆಯ ಒಬ್ಬ ತಾಯಿ. ಮಗಳು ಸತ್ತ ಪ್ರಕರಣ. ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತುಗಳನ್ನು, ತಂದು ಅರಗಿನ ಮೊಹರು ಒಡೆದು, ಕಂದು ಲಕೋಟೆಯಿಂದ ಒಂದು ಜೊತೆ ಹವಾಯಿ ಚಪ್ಪಲಿ ತೆಗೆದು ಮೇಜಿನ ಮೇಲಿಟ್ಟರು. ನೀಲಿ ಉಂಗುಷ್ಠದ ಚಪ್ಪಲಿ. ಎಡಗಾಲಿನದು ಕಿತ್ತುಹೋಗಿ ಅಡಿಯಲ್ಲಿ ಪಿನ್ನು ಚುಚ್ಚಿತ್ತು. ಆಕೆ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, “ಈ ಪಿನ್ನು ನಾನೇ ಹಾಕ್ಕೊಟ್ಟಿದ್ದು, ಸಂತೆಗೆ ಹೋದಾಗ ಹೊಸದು ಕೊಡಿಸ್ತೀನಿ ಅಂದಿದ್ದೆ” ಅಂದರು. ಕಾಗದದ ಮೇಲೆ ಬಂದದ್ದು ಇಷ್ಟು: ಮೂರನೇ ಮುದ್ದೆಮಾಲು ನನ್ನ ಮಗಳದ್ದೆಂದು ಗುರುತಿಸುತ್ತೇನೆ. ಕೊನೆಯಲ್ಲಿ ಓದಿ ಹೇಳಿದಾಗ ಆ ತಾಯಿ ಸಹಿ ಹಾಕಲಿಲ್ಲ. “ಪಿನ್ನಿನ ವಿಷಯ ಬರಲೇ ಇಲ್ಲವಲ್ಲ ಸ್ವಾಮಿ” ಅಂತ ಕೇಳಿದರು. ಸಾಹೇಬರು ಒಂದು ಗಳಿಗೆ ಸುಮ್ಮನಿದ್ದು, ಅದನ್ನೂ ಸೇರಿಸಿ ಬರೆಸಿದರು. ಚಪ್ಪಲಿ ಆ ಹುಡುಗಿಯದೇ ಅನ್ನುವುದಕ್ಕೆ ಆ ಪಿನ್ನಿಗಿಂತ ಗಟ್ಟಿ ಪುರಾವೆ ಬೇರೆ ಇರಲಿಲ್ಲ. ಓದಿ ಹೇಳದೆ ಹೋಗಿದ್ದರೆ ಅದು ಬಿಟ್ಟೇ ಹೋಗುತ್ತಿತ್ತು.

ನಾನು ನಿನಗೆ ಹೇಳಬೇಕೆಂದಿರುವುದು ಇದೇ ಪುಟ್ಟಿ. ಇನ್ನೊಬ್ಬರ ಮನೆಯ ಸಾವನ್ನು ತೆಗೆದುಕೊಂಡು ಕಥೆ ಮಾಡುವಾಗ, ಅದನ್ನು ಅವರಿಗೆ ಒಂದು ಸಲ ಓದಿ ಹೇಳು. ಕೊಲೆ ಆರೋಪಿಯ ಸಾಕ್ಷಿಗೂ ನ್ಯಾಯಾಲಯ ಕೊಡುವ ಮರ್ಯಾದೆ ಅದು. ಟೀವಿಯವರು ಯಾರಿಗೂ ಕೊಟ್ಟದ್ದನ್ನು ನಾನು ಕಾಣೆ.

ನಮ್ಮ ಕನ್ನಡದ ಟೀವಿಗೆ ಈ ಕಥೆಗಳು ಹೊಸದಲ್ಲ. ಉದಯದಲ್ಲಿ ಬಾಲಕೃಷ್ಣ ಕಾಕತ್ಕರ್ ಅವರ ‘ಕ್ರೈಂ ಸ್ಟೋರಿ’, ಈಟೀವಿಯಲ್ಲಿ ರವಿ ಬೆಳಗೆರೆಯವರ ‘ಕ್ರೈಂ ಡೈರಿ’ ಬರುತ್ತಿದ್ದ ಕಾಲದಲ್ಲಿ ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ಕೂರುತ್ತಿದ್ದರು. ಈಚೆಗೆ ‘ಶಾಂತಂ ಪಾಪಂ’. ಜನ ಕೆಟ್ಟ ಕುತೂಹಲದಿಂದ ನೋಡುತ್ತಾರೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾಕೆ ಅದನ್ನು ನೋಡಿಯೇ ಮಗಳಿಗೆ, ಫೋನಿನಲ್ಲಿ ಪರಿಚಯವಾದವನ ಜೊತೆ ಒಬ್ಬಳೇ ಹೋಗಬೇಡ ಅಂತ ಹೇಳಿಕೊಟ್ಟಳು. ಎಚ್ಚರಿಕೆಗಾಗಿ ನೋಡುವವರು ಬಹಳ ಇದ್ದಾರೆ. ಅವರ ನಂಬಿಕೆ ದೊಡ್ಡದು. ಅದಕ್ಕೇ ಸುಳ್ಳನ್ನು ನಿಜ ಅಂತ ಅವರ ಮುಂದಿಡಬಾರದು.

ನಮ್ಮ ಊರಿಗೇ ತಗುಲಿಕೊಂಡ ಒಂದು ಪ್ರಕರಣ ತೆಗೆದುಕೋ. ಸಯನೈಡ್ ಮೋಹನ್ ಅಂತ ಪತ್ರಿಕೆಗಳು ಹೆಸರಿಟ್ಟವನು ದಕ್ಷಿಣ ಕನ್ನಡದ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದವನು. ವರದಕ್ಷಿಣೆ ಹೊಂದಿಸಲಾಗದೆ ಮದುವೆ ತಡವಾದ ಬಡಮನೆಯ ಹೆಣ್ಣುಮಕ್ಕಳನ್ನು ಹುಡುಕಿ, ಮದುವೆಯಾಗುತ್ತೇನೆಂದು ನಂಬಿಸಿ ಬೇರೆ ಊರಿಗೆ ಕರೆತರುತ್ತಿದ್ದ. ಲಾಡ್ಜಿನಲ್ಲಿ ಒಂದು ರಾತ್ರಿ. ಬೆಳಗ್ಗೆ ಒಡವೆಯನ್ನು ಕೋಣೆಯಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಅಂತ ಒಂದು ಮಾತ್ರೆ ಕೊಟ್ಟು, ತಲೆಸುತ್ತು ಬರಬಹುದು, ಶೌಚಾಲಯಕ್ಕೆ ಹೋಗಿ ನುಂಗು ಅನ್ನುತ್ತಿದ್ದ. ಅದರಲ್ಲಿ ಸಯನೈಡ್. ಹೀಗೆ 20 ಹೆಣ್ಣುಮಕ್ಕಳು. ಹಲವರು ಸತ್ತು ಬಿದ್ದದ್ದು ನಮ್ಮ ಮೈಸೂರಿನ ಬಸ್ ನಿಲ್ದಾಣದಲ್ಲಿ. ಒಳಗಿನಿಂದ ಚಿಲಕ ಹಾಕಿದ ಬಾಗಿಲು, ಮದುವೆಗೆ ಹೊರಟಂತೆ ಒಳ್ಳೆಯ ಸೀರೆ, ಗುರುತು ಹೇಳುವವರಿಲ್ಲ. ಒಂದೊಂದು ಠಾಣೆಯಲ್ಲಿ ಒಂದೊಂದು ಅಸಹಜ ಸಾವಿನ ಪ್ರಕರಣ ದಾಖಲಾಗಿ ಕಡತ ಮುಚ್ಚಿತು. ಅತ್ತ ಊರಿನಲ್ಲಿ ಅಪ್ಪ ಅಮ್ಮ, ಮಗಳು ಯಾರನ್ನೋ ಕಟ್ಟಿಕೊಂಡು ಎಲ್ಲೋ ಚೆನ್ನಾಗಿದ್ದಾಳೆ ಅಂದುಕೊಂಡು, ಮಾನಕ್ಕೆ ಅಂಜಿ ಸುಮ್ಮನಿದ್ದರು. 2009ರಲ್ಲಿ ಬಂಟ್ವಾಳದ ಕಡೆಯ ಒಬ್ಬ ಯುವತಿ ಕಾಣೆಯಾದಾಗ ಊರಿನವರು ಬೀದಿಗಿಳಿದು ಪ್ರತಿಭಟಿಸಿದರು. ಆಮೇಲೆ ಫೋನ್ ಕರೆಗಳ ಜಾಡು ಹಿಡಿದು ಅವನು ಸಿಕ್ಕಿದ. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಅವನನ್ನು ಅಪರಾಧಿ ಎಂದಿತು.

ಇದರಲ್ಲಿ ಭಯ ಹುಟ್ಟಿಸುವುದು ಯಾವುದು, ಹೇಳು. ನಿಮ್ಮ ತಂಡದಲ್ಲಿ ಯಾರಾದರೂ ತಕ್ಷಣ ಅವನ ಕಣ್ಣು, ಅವನ ನಗು, ಮಾತ್ರೆ ಹಿಡಿದ ಕೈ ಅನ್ನುತ್ತಾರೆ. ನನಗೆ ಎದೆ ನಡುಗುವುದು, ವರ್ಷಾನುಗಟ್ಟಲೆ ಒಂದೇ ರೀತಿ ಸತ್ತ ಹೆಣ್ಣುಮಕ್ಕಳನ್ನು ಯಾರೂ ಒಂದರ ಪಕ್ಕ ಒಂದಿಟ್ಟು ನೋಡಲಿಲ್ಲ ಅನ್ನುವುದಕ್ಕೆ. ಮಗಳು ಕಾಣೆಯಾಗಿದ್ದಾಳೆ ಅಂತ ಠಾಣೆಗೆ ಹೋಗಿ ಹೇಳಲು ಒಬ್ಬ ತಂದೆಗೆ ನಾಚಿಕೆಯಾಯಿತಲ್ಲ, ಅದಕ್ಕೆ. 2023ರಲ್ಲಿ ‘ದಹಾಡ್’ ಅಂತ ಹಿಂದಿಯಲ್ಲಿ ಒಂದು ಸರಣಿ ಬಂತು. ಆ ಪ್ರಕರಣದ ನೆರಳು ಅದರ ಮೇಲಿದೆ ಅನ್ನುವುದು ವಿಷಯ ತಿಳಿದವರಿಗೆ ಗೊತ್ತಾಗುತ್ತದೆ. ಊರು ರಾಜಸ್ಥಾನ, ಹೆಸರುಗಳು ಬೇರೆ. ಆದರೆ ಆ ನಾಚಿಕೆಯನ್ನೂ ವರದಕ್ಷಿಣೆಯನ್ನೂ ಜಾತಿಯನ್ನೂ ಅವರು ಬಿಡಲಿಲ್ಲ. ಹೆಸರು ಬದಲಾದರೂ ಸತ್ಯ ಉಳಿಯಬಹುದು, ಅದಕ್ಕೆ ಇದು ಒಳ್ಳೆಯ ಉದಾಹರಣೆ. ಹಾಗೆಯೇ 2006ರ ‘ಸಯನೈಡ್’ ಸಿನಿಮಾವನ್ನೂ ನೋಡು, ಎ.ಎಂ.ಆರ್. ರಮೇಶ್ ಅವರದು. ರಾಜೀವ್ ಗಾಂಧಿ ಹತ್ಯೆಯ ಶಿವರಾಸನ್, ಶುಭಾ 1991ರ ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯಲ್ಲಿ ಅಡಗಿ ಸತ್ತ ಕಥೆ. ಬಂದವರು ಯಾರು ಅಂತ ತಿಳಿದ ಮೇಲೂ ಬಾಯಿ ಬಿಡಲಾಗದೆ ಅವರ ಜೊತೆಯಲ್ಲೇ ಇರಬೇಕಾದ ಮನೆಯ ಹೆಂಗಸಿನ ಪಾತ್ರವನ್ನು ತಾರಾ ಮಾಡಿದ್ದಾರೆ. ಅಡುಗೆಮನೆಯಲ್ಲಿ ನಿಂತ ಆ ಹೆಂಗಸಿನ ಭಯವೇ ಸಿನಿಮಾವನ್ನು ಹೊತ್ತಿದೆ.

ಇನ್ನು ಕೆಲವು ಸಿನಿಮಾ ನೋಡಿದಾಗ ನನಗೆ ಬೇಸರವಾಗುತ್ತದೆ. ಹೊಸಕೋಟೆ ಹತ್ತಿರ ದಂಡುಪಾಳ್ಯ ಅಂತ ಒಂದು ಊರಿದೆ. ಅಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಉಳುವವರಿದ್ದಾರೆ. 2012ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲೆ ಆ ಹೆಸರು ಹೇಳಿದರೆ ಇಡೀ ಕರ್ನಾಟಕಕ್ಕೆ ನೆನಪಾಗುವುದು ಕತ್ತು ಕುಯ್ಯುವ ದೃಶ್ಯ. ಊರಿನ ಹೆಸರನ್ನು ಕೊಲೆ ಆರೋಪ ಹೊತ್ತ ಒಂದು ಗ್ಯಾಂಗಿಗೆ ಇಟ್ಟದ್ದು ಪೊಲೀಸರು, ಪತ್ರಿಕೆಗಳು. ಆದರೆ ಅದನ್ನು ಪೋಸ್ಟರಿನ ಮೇಲೆ ದೊಡ್ಡಕ್ಷರದಲ್ಲಿ ಬರೆದದ್ದು ಸಿನಿಮಾ. ಮೊದಲ ಚಿತ್ರದಲ್ಲಿ ಆ ಜನ ರಾಕ್ಷಸರು. ಅದೇ ನಿರ್ದೇಶಕರು 2017ರಲ್ಲಿ ಎರಡನೆಯದನ್ನು ತೆಗೆದಾಗ, ಪೊಲೀಸರ ಹೊಡೆತಕ್ಕೆ ಒಪ್ಪಿಕೊಂಡವರೇ ಇವರು, ಇವರೇ ನಿಜವಾದ ಕೊಲೆಗಾರರೇ ಅನ್ನುವ ಪ್ರಶ್ನೆ ಬಂತು. ಎರಡನ್ನೂ ನಿಜ ಅಂತಲೇ ಮಾರಿದರು. ಎರಡನೆಯ ಪ್ರಶ್ನೆ ಮೊದಲೇ ಏಳಬೇಕಿತ್ತು. ಅದಕ್ಕಾಗಿ ಹೇಳುತ್ತೇನೆ, ಪೇಪರ್ ಕಟಿಂಗು ಇಟ್ಟುಕೊಂಡು ಕಥೆ ಕಟ್ಟಬೇಡ. ಪೇಪರಿನಲ್ಲಿ ಬರುವುದು ಮೊದಲ ಮೂರು ದಿನದ ಸತ್ಯ. ತೀರ್ಪು ಓದು. ಕೆಳ ನ್ಯಾಯಾಲಯದ್ದು ಓದಿದರೆ ಸಾಲದು, ಹೈಕೋರ್ಟಿನದನ್ನೂ ಓದು. ಈಗ ಇ-ಕೋರ್ಟ್ಸ್ ಜಾಲತಾಣದಲ್ಲಿ ಮನೆಯಲ್ಲೇ ಕೂತು ಓದಬಹುದು, ನಮ್ಮ ಕಾಲದ ಹಾಗೆ ನಕಲಿಗೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಪಾಟೀಸವಾಲಿನಲ್ಲಿ ‘ಎಂದರೆ ಸರಿಯಲ್ಲ’ ಅನ್ನುವ ಸಾಲುಗಳಿರುತ್ತವಲ್ಲ, ನಿನ್ನ ಒಳ್ಳೆಯ ದೃಶ್ಯಗಳೆಲ್ಲ ಅಲ್ಲಿವೆ.

ವೀರಪ್ಪನ್ ವಿಷಯ ಬಂದರೆ ಹಳೆಯ ಮೈಸೂರು ಜಿಲ್ಲೆಯವರಾದ ನಮಗೆ ಅದು ದೂರದ ಕಥೆಯಲ್ಲ. ಪಾಲಾರ್ ಬಾಂಬ್ ಸ್ಫೋಟದ ವಿಚಾರಣೆ ನಡೆದದ್ದೇ ಮೈಸೂರಿನ ಟಾಡಾ ನ್ಯಾಯಾಲಯದಲ್ಲಿ. ‘ಅಟ್ಟಹಾಸ’ 2013ರಲ್ಲಿ, ‘ಕಿಲ್ಲಿಂಗ್ ವೀರಪ್ಪನ್’ 2016ರಲ್ಲಿ ಬಂದವು. ‘ಅಟ್ಟಹಾಸ’ದ ಮೇಲೆ ವೀರಪ್ಪನ್ ಹೆಂಡತಿ ಮುತ್ತುಲಕ್ಷ್ಮಿ ಕೋರ್ಟಿಗೆ ಹೋದಾಗ, ಕಾಡುಗಳ್ಳನ ಹೆಂಡತಿಗೆ ಎಂಥ ಮಾನ ಅಂತ ಮಾತಾಡಿಕೊಂಡವರಿದ್ದರು. ನನಗೆ ಆ ಮಾತು ಹಿಡಿಸಲಿಲ್ಲ. ಸತ್ತವನ ಪಾಪ ಸತ್ತವನದು. ಬದುಕಿರುವ ಹೆಂಗಸಿನ ಸಂಸಾರವನ್ನು ತೆರೆಗೆ ತರುವಾಗ ಆಕೆಯನ್ನು ಕೇಳಬೇಕು. ಆದರೆ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಪಿ. ಶ್ರೀನಿವಾಸ್ ಅಂತ ಅರಣ್ಯಾಧಿಕಾರಿ ಇದ್ದರು. ವೀರಪ್ಪನ್ ಊರಾದ ಗೋಪಿನಾಥಂನಲ್ಲೇ ಹೋಗಿ ನೆಲೆಸಿ, ಜನರಿಗೆ ಮನೆ, ಔಷಧಿ, ನೀರು ಅಂತ ದುಡಿದು, ಬಂದೂಕು ಬಿಟ್ಟು ಬರುವಂತೆ ಹಲವರ ಮನಸ್ಸು ತಿರುಗಿಸಿದವರು. ಶರಣಾಗುತ್ತೇನೆಂದು ನಂಬಿಸಿ ಕರೆಸಿಕೊಂಡು ವೀರಪ್ಪನ್ ಅವರನ್ನು 1991ರ ನವೆಂಬರ್ 10ರಂದು ಕೊಂದ. ಸರ್ಕಾರ ಕೀರ್ತಿಚಕ್ರ ಕೊಟ್ಟಿತು. ಊರಿನವರು ಮಾರಮ್ಮನ ಗುಡಿಯಲ್ಲಿ ಅವರ ಪಟ ಇಟ್ಟು ಈಗಲೂ ಪೂಜೆ ಮಾಡುತ್ತಾರೆ. ಮೀಸೆ, ಬಂದೂಕು, ಎನ್‌ಕೌಂಟರ್ ತೋರಿಸಿದ ಸಿನಿಮಾಗಳಿಗೆ ಈ ಮನುಷ್ಯ ಐದು ನಿಮಿಷದ ಪಾತ್ರ. ನಿನಗೆ ಸ್ವಾತಂತ್ರ್ಯ ಸಿಕ್ಕ ದಿನ ಅವರ ಮೇಲೆ ಒಂದು ಒಳ್ಳೆಯ ಟೀವಿ ನಾಟಕ ಬರಿ. ಕಾಡಿನ ಒಳಗಿನ ಊರಿನಲ್ಲಿ ಒಬ್ಬ ಅಧಿಕಾರಿ ಹೇಗೆ ನಂಬಿಕೆ ಗಳಿಸಿದ ಅನ್ನುವುದು ಗುಂಡಿನ ಸದ್ದಿಗಿಂತ ಹೆಚ್ಚು ಹಿಡಿದು ಕೂರಿಸುತ್ತದೆ.

ಟೀವಿ ನಾಟಕ ಅಂದೆನಲ್ಲ, ಮೈಸೂರಿನವಳಾದ ನೀನು ಮರೆಯಬಾರದ ತಾರೀಖು ಒಂದಿದೆ, 1989ರ ಫೆಬ್ರವರಿ 8. ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೋದಲ್ಲಿ ಸಂಜಯ್ ಖಾನ್ ಅವರ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. ಬೆಂಕಿ ಬಿತ್ತು. 62 ಜನ ಸತ್ತರು. ಸಂಜಯ್ ಖಾನ್ ಅವರ ಮೈ ಮೂರನೇ ಎರಡು ಭಾಗದಷ್ಟು ಸುಟ್ಟು, ಎಪ್ಪತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಯಾಗಿ, ವರ್ಷಕ್ಕೂ ಹೆಚ್ಚು ಕಾಲ ಆಸ್ಪತ್ರೆಯಲ್ಲಿದ್ದು ಉಳಿದರು. ಸೆಟ್ಟಿಗೆ ಗೋಣಿತಾಟು, ಸಡಿಲ ವೈರಿಂಗು, ಗಾಳಿಯಾಡದ ಕಟ್ಟಡ, ಕಾದು ಕೆಂಡವಾಗುವ ದೊಡ್ಡ ದೀಪಗಳು, ಬೆಂಕಿ ನಂದಿಸಲು ಮರಳು ನೀರಿನ ಏರ್ಪಾಡೂ ಸರಿಯಾಗಿಲ್ಲ. ಆ ದಿನ ಊರಿನಲ್ಲಿ ಸುದ್ದಿ ಹಬ್ಬಿದ ರೀತಿ ನನಗೆ ಇನ್ನೂ ನೆನಪಿದೆ. ಯಾರ ಮನೆಯ ಹುಡುಗ ಲೈಟ್ ಹಿಡಿಯಲು ಹೋಗಿದ್ದ, ಯಾರ ಮನೆಯವರು ಜನಜಂಗುಳಿಯಲ್ಲಿ ನಿಲ್ಲಲು ಹೋಗಿದ್ದರು ಅಂತ ಬೀದಿ ಬೀದಿಯಲ್ಲಿ ಹುಡುಕಾಟ. ಮರುವರ್ಷ, 1990ರಲ್ಲಿ, ಧಾರಾವಾಹಿ ದೂರದರ್ಶನದಲ್ಲಿ ಬಂತು. ಅಷ್ಟರಲ್ಲಿ ಅದು ಇತಿಹಾಸವೋ ಕಲ್ಪನೆಯೋ ಅಂತ ಬೇರೆ ಗಲಾಟೆ. ಭಗವಾನ್ ಗಿದ್ವಾನಿಯವರ 1976ರ ಕಾದಂಬರಿಯನ್ನು ಹಿಡಿದು ಮಾಡಿದ್ದದು. ವಿವಾದ ನ್ಯಾಯಾಲಯಕ್ಕೆ ಹೋಗಿ, ಇದು ಕಾಲ್ಪನಿಕ ಕಥೆ ಅಂತ ಧಾರಾವಾಹಿಯ ಜೊತೆಯಲ್ಲೇ ತೋರಿಸಬೇಕಾಯಿತು.

ಯೋಚನೆ ಮಾಡು. ತೆರೆಯ ಮೇಲೆ ನಡೆದದ್ದು ಕಲ್ಪನೆ, ತೆರೆಯ ಹಿಂದೆ ಸತ್ತವರು ನಿಜ. ಆ 62 ಜನರ ಮೇಲೆ ಯಾರೂ ಧಾರಾವಾಹಿ ಮಾಡಲಿಲ್ಲ. ನಿಮ್ಮ ಸೆಟ್ಟಿಗೆ ನೀನು ಹೋದ ದಿನ ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿದೆ, ಹೊರಗೆ ಹೋಗುವ ಬಾಗಿಲು ತೆರೆದಿದೆಯೇ ಅಂತ ನೋಡಿಕೋ. ಬರೆಯುವವಳಿಗೆ ಅದೆಲ್ಲ ಯಾಕೆ ಅಂತ ಯಾರಾದರೂ ಕೇಳಿದರೆ ಮೈಸೂರಿನವಳು ಅಂತ ಹೇಳು.

ಈಗ ದೆವ್ವದ ಸಿನಿಮಾಕ್ಕೆ ಬರೋಣ. ಇಲ್ಲಿ ‘ನೈಜ ಘಟನೆ’ ಅನ್ನುವುದು ಟಿಕೆಟ್ ಮಾರುವ ಉಪಾಯವಾಗಿ ಹೋಗಿದೆ. 2013ರಲ್ಲಿ ‘6-5=2’ ಅಂತ ಒಂದು ಕನ್ನಡ ಸಿನಿಮಾ ಬಂತು. ಚಾರಣಕ್ಕೆ ಹೋದ ಆರು ಜನರಿಗೆ ಏನಾಯಿತು ಅನ್ನುವುದನ್ನು, ಕಾಡಿನಲ್ಲಿ ಸಿಕ್ಕ ಅವರದೇ ಕ್ಯಾಮೆರಾದ ನಿಜ ದೃಶ್ಯ ಅನ್ನುವಂತೆ ತೋರಿಸಿದರು. ಆ ರೀತಿ ಸಿನಿಮಾ ಕಟ್ಟುವುದು ಒಂದು ಕಲೆ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಕಾಡುಗಳಲ್ಲಿ ನಿಜವಾಗಿ ದಾರಿ ತಪ್ಪಿ ಸತ್ತ ಹುಡುಗರಿದ್ದಾರೆ, ಅವರ ಅಪ್ಪ ಅಮ್ಮಂದಿರು ಇದ್ದಾರೆ. ಸುಳ್ಳು ಸಾವನ್ನು ನಿಜ ಅಂತ ಹೇಳಿ ಮಾರುವುದು ನನಗೆ ಸರಿ ಕಾಣುವುದಿಲ್ಲ.

ಅಮೆರಿಕದ ಅಮಿಟಿವಿಲ್ ಮನೆಯ ಕಥೆ ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬಹುದು. 1974ರಲ್ಲಿ ಆ ಮನೆಯ ಮಗನೇ ಆರು ಜನರನ್ನು ಗುಂಡಿಟ್ಟು ಕೊಂದ, ಅದು ನಿಜ. ಮುಂದಿನ ವರ್ಷ ಆ ಮನೆ ಕೊಂಡವರು 28 ದಿನಕ್ಕೆ ಬಿಟ್ಟು ಓಡಿ, ಭೂತದ ಕಾಟ ಅಂದರು. 1977ರಲ್ಲಿ ಪುಸ್ತಕ, 1979ರಲ್ಲಿ ಸಿನಿಮಾ. ಆಮೇಲೆ ಕೊಲೆಗಾರನ ವಕೀಲರೇ, ವೈನ್ ಕುಡಿಯುತ್ತಾ ಕೂತು ಕಟ್ಟಿದ ಕಥೆ ಅದು ಅಂತ ಹೇಳಿದರು. ಅಷ್ಟು ಹೊತ್ತಿಗೆ ಆ ಮನೆಯನ್ನು ಕೊಂಡ ಮತ್ತೊಂದು ಸಂಸಾರ, ದೆವ್ವ ನೋಡಲು ಬರುವವರ ಕಾಟ ತಾಳಲಾರದೆ ಕೋರ್ಟಿಗೆ ಹೋಗಿತ್ತು. 2013ರ ‘ದಿ ಕಂಜ್ಯೂರಿಂಗ್’ ಆದ ಮೇಲೂ ಅದೇ ಆಯಿತು. ಆ ಹಳೆಯ ಮನೆಯಲ್ಲಿ ವಾಸವಿದ್ದವರು ನಿದ್ದೆಗೆಟ್ಟು ಸಿನಿಮಾ ಕಂಪನಿಯ ಮೇಲೆ ದಾವೆ ಹೂಡಿದರು.

ದೂರದ ಮಾತು ಬಿಡು. ನಮ್ಮ ಬೀದಿಯ ಕೊನೆಯ ಬೀಗ ಹಾಕಿದ ಮನೆ ನಿನಗೆ ನೆನಪಿರಬೇಕು, ಸಂಪಿಗೆ ಮರ ಇರುವುದು, ಮಾಳಿಗೆಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ. ಚಿಕ್ಕವಳಿದ್ದಾಗ ನೀನೂ ಅದರ ಮುಂದೆ ಓಡಿ ದಾಟುತ್ತಿದ್ದೆ. ಆ ಮನೆ ಮುಚ್ಚಿರುವುದು ಅಣ್ಣ ತಮ್ಮಂದಿರ ಭಾಗದ ದಾವೆಯಿಂದ. ತಡೆಯಾಜ್ಞೆ ಇದೆ, ಮಾರುವ ಹಾಗಿಲ್ಲ, ಬಾಡಿಗೆಗೆ ಕೊಡುವ ಹಾಗಿಲ್ಲ. ವಿದ್ಯುತ್ತಿನ ಬಿಲ್ಲು ಕಟ್ಟದೆ ಸಂಪರ್ಕ ಕಿತ್ತಿದ್ದಾರೆ. ಅವರ ಅಕ್ಕ ಹಾಸನದಲ್ಲಿರುವುದು. ಅಪ್ಪನ ತಿಥಿಯ ದಿನ ಬಂದು, ನಡುಮನೆ ಗುಡಿಸಿ, ಅಪ್ಪನ ಪಟದ ಮುಂದೆ ಎಣ್ಣೆ ದೀಪ ಹಚ್ಚಿ, ರಾತ್ರಿ ಕೊನೆಯ ಬಸ್ಸಿಗೆ ಹೋಗುತ್ತಿದ್ದರು. ಲಲಿತಮಹಲ್ ರಸ್ತೆಗೆ ರಾತ್ರಿ ಬೈಕಿನಲ್ಲಿ ಬರುವ ಹುಡುಗರು ಯಾರೋ ಕಿಟಕಿಯಲ್ಲಿ ಆ ದೀಪವನ್ನೂ ಬಿಳಿ ಸೀರೆಯ ನೆರಳನ್ನೂ ಮೊಬೈಲಿನಲ್ಲಿ ಹಿಡಿದು, ಸಿದ್ಧಾರ್ಥನಗರದ ದೆವ್ವದ ಮನೆ, ನೈಜ ದೃಶ್ಯ ಅಂತ ಹರಿಬಿಟ್ಟರು. ಆಮೇಲೆ ವಾರಗಟ್ಟಲೆ ಗುಂಪು ಗುಂಪಾಗಿ ಬಂದರು. ಗಾಜು ಒಡೆದರು. ಗೇಟು ಹಾರಿದರು. ಮರುವರ್ಷ ಆಕೆ ಬಂದಾಗ ಕಾಂಪೌಂಡಿನೊಳಗೆ ಇಬ್ಬರು ಹುಡುಗರು ಕ್ಯಾಮೆರಾ ಹಿಡಿದು ನಿಂತಿದ್ದರು. ಆಕೆ ನಮ್ಮ ಮನೆಗೆ ಬಂದು ನೀರು ಕುಡಿದು, “ನಮ್ಮಪ್ಪ ಅಂಥವರಲ್ಲ ಕಣ್ರೀ” ಅಂತ ಒಂದೇ ಮಾತು ಹೇಳಿ ಅತ್ತರು. ಈಗ ತಿಥಿಯನ್ನು ಹಾಸನದಲ್ಲೇ ಮಾಡುತ್ತಾರೆ.

ಆ ಹುಡುಗರಿಗೆ ಕೇಡು ಮಾಡುವ ಉದ್ದೇಶ ಇರಲಿಲ್ಲ. ಪಕ್ಕದ ಮನೆಯ ಬಾಗಿಲು ತಟ್ಟಿ ಕೇಳಬಹುದಿತ್ತು ಅಷ್ಟೇ. ಯಾರೂ ಕೇಳಲಿಲ್ಲ.

ಇನ್ನೊಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಕಾಯಿಲೆಯನ್ನು ದೆವ್ವ ಅಂತ ತೋರಿಸಬೇಡ. ಜರ್ಮನಿಯಲ್ಲಿ ಆನೆಲೀಸ್ ಮಿಶೆಲ್ ಅಂತ ಒಬ್ಬ ಕಾಲೇಜು ಹುಡುಗಿ ಇದ್ದಳು. ಮೂರ್ಛೆ ರೋಗ, ಅದರ ಜೊತೆ ಮನಸ್ಸಿನ ಕಾಯಿಲೆ. ಮನೆಯವರು ಕೊನೆಗೆ ವೈದ್ಯರನ್ನು ಬಿಟ್ಟು ಪಾದ್ರಿಗಳಿಂದ ದೆವ್ವ ಬಿಡಿಸಲು ಕೂರಿಸಿದರು. ತಿಂಗಳುಗಟ್ಟಲೆ ನಡೆಯಿತು, 67 ಸಲ. 1976ರ ಜುಲೈ 1ರಂದು ಸತ್ತಾಗ ಅವಳಿಗೆ 23 ವರ್ಷ, ತೂಕ 30 ಕಿಲೋ. ಅನ್ನ ನೀರಿಲ್ಲದೆ ಸತ್ತಳು. 1978ರಲ್ಲಿ ಅಪ್ಪ ಅಮ್ಮನನ್ನೂ ಇಬ್ಬರು ಪಾದ್ರಿಗಳನ್ನೂ ನ್ಯಾಯಾಲಯ ತಪ್ಪಿತಸ್ಥರೆಂದಿತು. 2005ರಲ್ಲಿ ಅವಳ ಕಥೆಯಿಂದ ಹುಟ್ಟಿದ ಹಾಲಿವುಡ್ ಸಿನಿಮಾದಲ್ಲಿ ಪ್ರೇಕ್ಷಕರು ಮನೆಗೆ ಹೊತ್ತುಕೊಂಡು ಹೋಗುವುದು ದೆವ್ವದ ಕಿರುಚಾಟವನ್ನು. ಹಸಿವಿನಿಂದ ಸತ್ತ ಹುಡುಗಿಯನ್ನಲ್ಲ.

ನಮ್ಮಲ್ಲೂ ಮೈಮೇಲೆ ಬಂತು ಅಂತ ಬೇವಿನ ಬರಲಿನಿಂದ ಹೊಡೆದು, ಮೆಣಸಿನಕಾಯಿ ಹೊಗೆ ಹಾಕಿ ಹಿಂಸೆ ಮಾಡಿದ ಪ್ರಕರಣಗಳು ನ್ಯಾಯಾಲಯಕ್ಕೆ ಬಂದಿವೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದಲ್ಲಿ ಅಪರಾಧ. ಅದಕ್ಕೆಂದೇ 2017ರಲ್ಲಿ ಕಾಯಿದೆಯಾಗಿ 2020ರಿಂದ ಜಾರಿಯಲ್ಲಿದೆ. ‘ಆಪ್ತಮಿತ್ರ’ವನ್ನು ನೋಡು. ಅದರ ಮೂಲ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’ ಕೂಡ ಕೇರಳದ ಹಳೆಯ ಮನೆತನವೊಂದರಲ್ಲಿ ನಡೆದ ದುರಂತದಿಂದ ಹೊಳೆದ ಕಥೆ. ನಾಗವಲ್ಲಿಯ ಗೆಜ್ಜೆ ಸದ್ದಿಗೆ ಬೆಚ್ಚಿದ ಜನಕ್ಕೆ ಕೊನೆಯಲ್ಲಿ ಸಿನಿಮಾ, ಇದು ಮನಸ್ಸಿನ ಕಾಯಿಲೆ, ವೈದ್ಯ ಬೇಕು ಅಂತ ಹೇಳಿತು. ಮಂತ್ರವಾದಿಯೂ ಇದ್ದ, ನಿಜ. ಆದರೂ ವೈದ್ಯನನ್ನು ಕೈಬಿಡಲಿಲ್ಲ. ವರ್ಷಗಟ್ಟಲೆ ಜನ ಅದನ್ನು ನೋಡಿದರು, ಭಯ ಕಡಿಮೆಯಾಯಿತು ಅಂತ ಯಾರೂ ದೂರಲಿಲ್ಲ. ನಿನ್ನ ಸಿನಿಮಾದ ಕೊನೆಗೆ ಟೆಲಿ-ಮಾನಸ್ ಸಂಖ್ಯೆ 14416 ಹಾಕಿಸು. ನೋಡಿ ಫೋನು ಮಾಡುವವರು ಇರುತ್ತಾರೆ.

ದೆವ್ವದ ಕಥೆ ನಿಜದಿಂದ ಹುಟ್ಟಲೇಬಾರದು ಅಂತ ನಾನು ಹೇಳುವುದಿಲ್ಲ. ನಮ್ಮ ಆರ್.ಕೆ. ನಾರಾಯಣ್ ಅವರ ಹೆಂಡತಿ ರಾಜಂ 1939ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಚಿಕ್ಕ ಮಗಳನ್ನು ಕಟ್ಟಿಕೊಂಡು ಅವರು ಪಟ್ಟ ಪಾಡು, ಸತ್ತವರ ಜೊತೆ ಮಾತಾಡಿಸುತ್ತೇವೆ ಅನ್ನುವವರ ಮೂಲಕ ಹೆಂಡತಿಯ ಜೊತೆ ಮಾತಾಡಲು ನಡೆಸಿದ ಪ್ರಯತ್ನ, ಎಲ್ಲವೂ 1945ರ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯಲ್ಲಿದೆ. ಓದಿದರೆ ಮೈ ಜುಮ್ಮೆನ್ನುತ್ತದೆ, ಕಣ್ಣು ತುಂಬುತ್ತದೆ. ಅದು ಅವರದೇ ದುಃಖ, ಹೇಳುವ ಹಕ್ಕು ಅವರಿಗಿತ್ತು. ನೀನು ಬರೆಯುವುದು ಬೇರೆಯವರ ದುಃಖ. ಅವರ ಅನುಮತಿ ಬೇಕು.

ಕಾನೂನು ಏನು ಹೇಳುತ್ತದೆ ಅಂತ ಒಂದು ಮಾತು ತಿಳಿದುಕೋ. ಆಟೋ ಶಂಕರ್ ಪ್ರಕರಣದಲ್ಲಿ, 1994ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ನ್ಯಾಯಾಲಯದ ದಾಖಲೆಯಂಥ ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಯಾರು ಬೇಕಾದರೂ ಪ್ರಕಟಿಸಬಹುದು, ಅದರಾಚೆಯ ಖಾಸಗಿ ಬದುಕಿಗೆ ಒಪ್ಪಿಗೆ ಬೇಕು. ದಾಖಲೆಯಲ್ಲಿದ್ದರೂ ಅತ್ಯಾಚಾರಕ್ಕೆ ಒಳಗಾದವಳ ಹೆಸರು ಬರಕೂಡದು. ಅದು ಹಿಂದೆ ದಂಡಸಂಹಿತೆಯಲ್ಲಿತ್ತು, ಈಗ ನ್ಯಾಯ ಸಂಹಿತೆಯ 72ನೇ ಕಲಂನಲ್ಲಿದೆ. ಹೆಸರು ಬಿಟ್ಟು ಊರು, ಕಾಲೇಜು, ಅಪ್ಪನ ಉದ್ಯೋಗ ಹೇಳಿದರೂ ಗುರುತು ಸಿಕ್ಕಿಬಿಡುತ್ತದೆ, ಅದೂ ತಪ್ಪೇ. ಕಾನೂನು ಬಿಡುವ ಜಾಗದಲ್ಲೂ ನಿನ್ನ ಮನಸ್ಸು ಬಿಡಬಾರದು. ದಾಖಲೆಯಲ್ಲಿ ಇದೆ ಅಂತ ಒಬ್ಬ ತಾಯಿಯ ಕಣ್ಣೀರನ್ನು ಜಾಹೀರಾತಿನ ನಡುವೆ ತೋರಿಸಬಹುದು, ಯಾರೂ ಕೇಳುವುದಿಲ್ಲ. ಆದರೆ ಆಕೆ ಅದನ್ನು ಟೀವಿಯಲ್ಲಿ ದಿಢೀರಂತ ನೋಡಬಾರದು.

ಹಾಗಾದರೆ ಏನು ಮಾಡಲಿ ಅಜ್ಜಿ ಅಂತ ಕೇಳುತ್ತೀಯ. ಸ್ಕ್ರಿಪ್ಟ್ ಮುಗಿದ ಮೇಲೆ ಆ ಮನೆಗೆ ಹೋಗು. ಕ್ಯಾಮೆರಾ ಬೇಡ, ತಂಡ ಬೇಡ, ನೀನೊಬ್ಬಳೇ ಅಥವಾ ಒಬ್ಬರನ್ನು ಜೊತೆಗೆ ಕರೆದುಕೊಂಡು. ಅವರ ಭಾಗವನ್ನು ನಿಧಾನವಾಗಿ ಓದಿ ಹೇಳು. ಸಿಟ್ಟು ಮಾಡಬಹುದು, ಬಾಗಿಲು ಹಾಕಬಹುದು, ಅದು ಅವರ ಹಕ್ಕು. ಹಾಗಾದರೆ ಹೆಸರು ಬದಲಿಸು, ಊರು ಬದಲಿಸು, ‘ನೈಜ’ ಅನ್ನುವ ಮಾತನ್ನು ತೆಗೆ. ಕಲ್ಪನೆ ಅಂತ ಹೇಳಿಕೊಂಡು ಒಳ್ಳೆಯ ಕಥೆ ಮಾಡುವುದರಲ್ಲಿ ಯಾವ ಕೀಳುತನವೂ ಇಲ್ಲ. ಬಾಗಿಲು ತೆರೆದರೆ ನಿನ್ನ ಸ್ಕ್ರಿಪ್ಟಿನಲ್ಲಿಲ್ಲದ ಒಂದು ಪಿನ್ನು ಅವರೇ ತೆಗೆದು ಕೊಡುತ್ತಾರೆ. ಅವರ ಕಥೆಯಿಂದ ದುಡ್ಡು ಬರುವುದಾದರೆ ಅದರಲ್ಲಿ ಅವರಿಗೂ ಒಂದು ಪಾಲು ಕೊಡಿಸಲು ನಿರ್ಮಾಪಕರ ಹತ್ತಿರ ಬಾಯಿಬಿಟ್ಟು ಕೇಳು. ಹೊಸಬಳು, ಹೇಗೆ ಕೇಳಲಿ ಅನ್ನಬೇಡ. ಹೊಸಬಳಾಗಿದ್ದಾಗ ಕೇಳದವರು ಹಳಬರಾದ ಮೇಲೆ ಕೇಳಿದ್ದನ್ನು ನಾನು ಕಂಡಿಲ್ಲ.

ಸಮಯವಿಲ್ಲ, ವಾರಕ್ಕೆ ಐದು ಕಂತು ಬೇಕು ಅಂತ ನಿಮ್ಮವರು ಅವಸರ ಮಾಡುತ್ತಾರೆ, ಗೊತ್ತು. ಐದರಲ್ಲಿ ಒಂದನ್ನಾದರೂ ಹೀಗೆ ಮಾಡಿ ತೋರಿಸು. ದಸರಾ ರಜೆಗೆ ಬಂದಾಗ ಮೊದಲ ಕಂತಿನ ಸ್ಕ್ರಿಪ್ಟು, ಆ ಪ್ರಕರಣದ ತೀರ್ಪಿನ ಪ್ರತಿ ಎರಡನ್ನೂ ತಗೊಂಡು ನಮ್ಮ ಮನೆಗೆ ಬಾ. ಕಚೇರಿ ಕನ್ನಡ ಓದಲು ಕಷ್ಟ, ಸಾಲು ಸಾಲು ನಾನು ಬಿಡಿಸಿ ಹೇಳುತ್ತೇನೆ.